ರೆಂಡರ್ ಸಾಕು, ಮಾಡೆಲ್ ತೋರಿಸಿ: ಆನ್‌ಲೈನ್ ಡಿಸೈನ್ ಕಲಿಕೆ

ಪ್ರಶ್ನೆ: ನಾನು ಪ್ರಾಡಕ್ಟ್ ಡಿಸೈನ್ ಎರಡನೇ ವರ್ಷದಲ್ಲಿದ್ದೇನೆ. ಸ್ಟುಡಿಯೋ ಕ್ಲಾಸುಗಳು ಅರ್ಧಕ್ಕರ್ಧ ಆನ್‌ಲೈನಲ್ಲೇ ನಡೆಯುತ್ತವೆ. ಮಿಕ್ಸಿ ಜಾರಿಗೆ ಹೊಸ ಹಿಡಿ ಮಾಡಿದ್ದೆ. ರೆಂಡರ್, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ನೈಜವಾಗಿ ಕಾಣುವ ಚಿತ್ರ, ಎಲ್ಲರಿಗೂ ಇಷ್ಟವಾಗಿತ್ತು. ಕೆಲಸ ನೋಡಿ ಅಂಕ ಕೊಡುವ ಜ್ಯೂರಿಯಲ್ಲಿ ಮಾತ್ರ ‘ಅಳತೆಯೇ ತಪ್ಪು’ ಅಂದರು. ಬೇರೆ ಸಾಫ್ಟ್‌ವೇರ್ ಕಲಿಯಬೇಕೆ?

ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಕೇಳುವವರು ಯಾರೂ ಕೈಯಲ್ಲಿ ಹಿಡಿಯುವಂಥ ಮಾಡೆಲ್ ಮಾಡಿರುವುದಿಲ್ಲ. ಜೂಮ್ ಮಾಡಿದರೆ ಹಿಡಿ ದೊಡ್ಡದು, ಹಿಂದೆ ಸರಿಸಿದರೆ ಚಿಕ್ಕದು. ಅದರೊಳಗೆ ನಾಲ್ಕು ಬೆರಳು ಹೋಗುತ್ತವೋ ಇಲ್ಲವೋ ಸ್ಕ್ರೀನ್ ಹೇಳುವುದಿಲ್ಲ. ಡ್ರಾಯಿಂಗನ್ನು 1:1 ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ‘ಫಿಟ್ ಟು ಪೇಜ್’ ತೆಗೆದುಹಾಕಿ 100% ಇಡಿ, ಬಂದ ಹಾಳೆಯನ್ನು ಸ್ಕೇಲಿಟ್ಟು ಅಳೆಯಿರಿ. ಆಮೇಲೆ ರಟ್ಟನ್ನು ಪದರ ಪದರವಾಗಿ ಅಂಟಿಸಿ ಹಿಡಿ ಕತ್ತರಿಸಿ, ಜಾರಿನ ಗಾತ್ರದ ಪ್ಲಾಸ್ಟಿಕ್ ಡಬ್ಬಿಗೆ ಟೇಪಿನಿಂದ ಬಿಗಿಯಿರಿ. ಒಂದು ಲೀಟರ್ ನೀರು ತುಂಬಿ, ಅಂದರೆ ಒಂದು ಕೆಜಿ, ಎತ್ತಿ ಬಗ್ಗಿಸಿ. ಬೆರಳಿಗೆ ಎಣ್ಣೆ ಸವರಿಕೊಂಡು ಇನ್ನೊಮ್ಮೆ ಎತ್ತಿ. ಮನೆಯಲ್ಲಿ ದಿನಾ ಚಟ್ನಿ ರುಬ್ಬುವವರ ಕೈಗೂ ಕೊಡಿ. ಅವರ ಮಣಿಕಟ್ಟು ಎಲ್ಲಿ ಸೊಟ್ಟಗಾಗುತ್ತದೆ ನೋಡಿ, ಫೋಟೋ ತೆಗೆದುಕೊಳ್ಳಿ.

ಕ್ಲಾಸಿನಲ್ಲಿ ತೋರಿಸಬೇಕಾದದ್ದು ಇದನ್ನು. ಫೋನ್ ಕ್ಯಾಮೆರಾವನ್ನು ಮುಖದಿಂದ ತಿರುಗಿಸಿ ಮೇಜಿನ ಕಡೆ ಇಡಿ. ಮುರಿದ ಮಾಡೆಲ್ಲನ್ನೂ ತೋರಿಸಿ. ಅದು ಎಲ್ಲಿ ಮುರಿಯಿತು ಅನ್ನುವುದರ ಮೇಲೆಯೇ ಮೇಷ್ಟರು ಮಾತಾಡಲು ಸಾಧ್ಯ.

ಇನ್ನೊಂದು ನಷ್ಟವಿದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಅದೇ. ಸ್ಟುಡಿಯೋದಲ್ಲಿ ಪಕ್ಕದ ಮೇಜಿನವರಿಗೆ ಬಿದ್ದ ಬೈಗುಳ ನಿಮ್ಮ ಕಿವಿಗೂ ಬೀಳುತ್ತದೆ, ಎಷ್ಟೋ ಕಲಿಕೆ ಹಾಗೇ ಆಗುವುದು. ಆನ್‌ಲೈನಲ್ಲಿ ತಮ್ಮ ಸರದಿ ಮುಗಿದ ಕೂಡಲೇ ಎಲ್ಲರೂ ಮ್ಯೂಟ್ ಹಾಕಿ ಎದ್ದುಹೋಗುತ್ತಾರೆ. ಏಳಬೇಡಿ, ಉಳಿದವರ ಕ್ರಿಟ್, ಅಂದರೆ ಅವರ ಕೆಲಸದ ವಿಮರ್ಶೆ, ಪೂರ್ತಿ ಕೇಳಿ. ಮೂರ್ನಾಲ್ಕು ಜನ ಸೇರಿ ಸಂಜೆ ವಿಡಿಯೋ ಕಾಲ್ ಹಚ್ಚಿಟ್ಟು ಕೆಲಸ ಮಾಡಿ, ಮಾತಾಡದಿದ್ದರೂ ಪರವಾಗಿಲ್ಲ. ಎಲ್ಲರೂ ಒಟ್ಟಿಗೆ ನೋಡುವ ಆನ್‌ಲೈನ್ ಮಿರೊ ಬೋರ್ಡಿಗೆ ಹಸಿ ಸ್ಕೆಚ್‌ಗಳನ್ನೇ ಹಾಕಿ. ‘ಫೈನಲ್’ ಮಾತ್ರ ಹಾಕಿದರೆ ತಿದ್ದಲು ಏನೂ ಉಳಿದಿರುವುದಿಲ್ಲ, ಹೊಗಳಿ ಸುಮ್ಮನಾಗುತ್ತಾರೆ.

ಪ್ರಶ್ನೆ: ಮೂರು ತಿಂಗಳ ಯುಎಕ್ಸ್ (ಆಪ್, ವೆಬ್‌ಸೈಟುಗಳನ್ನು ಬಳಸುವವರ ಅನುಭವ ರೂಪಿಸುವ ಡಿಸೈನ್) ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಸೇರಲೇ?

ಗ್ಯಾರಂಟಿ ಅಂದವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಇವರು ಮಾರುವುದು ಟೆಂಪ್ಲೇಟು: ಅದೇ ಫುಡ್ ಡೆಲಿವರಿ ಆಪ್, ಯಾರನ್ನೂ ಕೇಳದೆ ಬರೆದ ಅದೇ ‘ಯೂಸರ್ ಇಂಟರ್‌ವ್ಯೂ’. ಪೋರ್ಟ್‌ಫೋಲಿಯೋ ನೋಡುವವರಿಗೆ ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಸಾಲ ಮಾಡಿ ಫೀಸು ಕಟ್ಟಿದ ಅಪ್ಪ ಅಮ್ಮಂದಿರ ಪಾಡು ನೋಡಿದರೆ ಸಿಟ್ಟು ಬರುತ್ತದೆ. ಸರ್ಕಾರದ ನೆರವಿನ ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ, ಎನ್‌ಪಿಟಿಇಎಲ್‌ಗಳಲ್ಲಿ ಐಐಟಿ ಅಧ್ಯಾಪಕರ ಡಿಸೈನ್ ಪಾಠಗಳಿವೆ. ನೋಡುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ.

ಪ್ರಶ್ನೆ: ತಂಗಿ ಡಿಸೈನ್ ಪದವಿಯ ಪ್ರವೇಶ ಪರೀಕ್ಷೆ ಯುಸೀಡ್ ಬರೆಯುತ್ತಾಳೆ. ಟ್ಯಾಬ್ ಮೇಲೆ ಚಿತ್ರ ಅಭ್ಯಾಸ ಮಾಡಿದರೆ ಸಾಕೇ?

ಸಾಲದು. ಚಿತ್ರ ಬರೆಯುವ ಭಾಗ ಕಾಗದದ ಮೇಲೆ, ಅಲ್ಲಿ ಅನ್‌ಡೂ ಇಲ್ಲ.

ಪ್ರಶ್ನೆ: ಟೆಕ್ಸ್‌ಟೈಲ್ ಓದುತ್ತಿದ್ದೇನೆ. ಸ್ಕ್ರೀನಲ್ಲಿ ಕಂಡ ಬಣ್ಣ ಬಟ್ಟೆಯ ಮೇಲೆ ಬರುತ್ತಿಲ್ಲ. ದುಬಾರಿ ಮಾನಿಟರ್ ಕೊಳ್ಳಲೇ?

ಕೊಳ್ಳಬೇಡಿ. ಸ್ಕ್ರೀನ್ ತಾನೇ ಬೆಳಕು ಸೂಸುತ್ತದೆ, ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಷ್ಟೇ ಕಾಣುತ್ತದೆ. ಆ ದುಡ್ಡಿನಲ್ಲಿ ಬಣ್ಣ ಹಾಕಿದ ನೂಲಿನ ಸ್ಯಾಂಪಲ್ ತರಿಸಿಕೊಂಡು ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿ.