ಮಂಜು ಬೀಳಲಿ ಎಂದು ಕೈ ಮುಗಿಯುತ್ತಿದ್ದ ಹುಡುಗ

ಫ್ಲೈಯಿಂಗ್ ಸ್ಕೂಲ್ ಸೇರಿ ಅರ್ಧದಲ್ಲಿ ಸಿಕ್ಕಿಕೊಂಡವರು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಮೊದಲೆಲ್ಲ ನೀಟ್, ಜೆಇಇ ಮಕ್ಕಳೇ ಹೆಚ್ಚು. ಈಗ ಇವರೂ ಸೇರಿದ್ದಾರೆ. ಊರು, ಮನೆ ಬೇರೆ ಬೇರೆ. ಕಥೆ ಮಾತ್ರ ಹೆಚ್ಚುಕಡಿಮೆ ಒಂದೇ. ಅದಕ್ಕೇ ಒಬ್ಬನ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನೂ ಅವನ ಅಪ್ಪನೂ ಒಪ್ಪಿದ್ದಾರೆ.

ಚೇತನ್ ಎಂದು ಕರೆಯೋಣ. ವಯಸ್ಸು 21. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದವನು. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಓದಿನಲ್ಲಿ ಚುರುಕು. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳಲ್ಲಿ ನ್ಯಾವಿಗೇಶನ್, ಮೆಟಿಯರಾಲಜಿ, ರೆಗ್ಯುಲೇಶನ್ಸ್ ಮೂರನ್ನೂ ಮೊದಲ ಸಲಕ್ಕೇ ಪಾಸು ಮಾಡಿದ್ದ. ಅಲ್ಲಿ ಪಾಸಾಗಲು 100ಕ್ಕೆ 70 ಬೇಕು, ಸುಮ್ನೆ ಅಲ್ಲ. ಒಂದು ಸೈಟ್ ಮಾರಿ, ಇರುವ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಬೇರೆ ರಾಜ್ಯದ ಫ್ಲೈಯಿಂಗ್ ಸ್ಕೂಲಿಗೆ ಕಳಿಸಿದ್ದರು. ಹೊರಟ ದಿನ ಗೆಳೆಯರು ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್ ಹಾಕಿಸಿದ್ದರು: 'ನಮ್ಮೂರಿನ ಹೆಮ್ಮೆಯ ಪೈಲಟ್'. ಆಗ ಅವನು ಒಂದು ಗಂಟೆಯೂ ಹಾರಿರಲಿಲ್ಲ.

ಮಳೆಗಾಲದಲ್ಲಿ ರಜೆ ಅಂತ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಹೊಟ್ಟೆನೋವು ಅಂದ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಆಯಿತು. ಏನೂ ಸಿಗಲಿಲ್ಲ. ಅಲ್ಲಿನ ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಹೇಳಿದ್ದು, "ಮೇಡಂ, ನನ್ನ ಹೆಸರು ಎಲ್ಲೂ ಬರೀಬೇಡಿ. ಮೆಡಿಕಲ್ ಹೋಗ್ಬಿಡುತ್ತೆ."

ಈ ಮಾತನ್ನು ಫ್ಲೈಯಿಂಗ್ ಸ್ಕೂಲಿನಿಂದ ಬರುವವರೆಲ್ಲ ಹೇಳುತ್ತಾರೆ. ಕಮರ್ಷಿಯಲ್ ಪೈಲಟ್‌ಗೆ ಕ್ಲಾಸ್ 1 ಮೆಡಿಕಲ್ ಸರ್ಟಿಫಿಕೇಟ್ ಇಲ್ಲದೆ ಕೆಲಸವಿಲ್ಲ. 40 ವರ್ಷದ ಒಳಗಿನವರು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಫಾರಂನಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆಯೂ ಕೇಳುತ್ತಾರೆ. ಹಾಗಾಗಿ ಇವರು ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುತ್ತಾರೆ, ನಿದ್ದೆ ಬಾರದಿದ್ದರೆ ಹೋಗುವುದಿಲ್ಲ. ನಾನು ಅವನಿಗೆ ಎರಡು ಮಾತು ಹೇಳಿದೆ. ಫೈಲ್ ನನ್ನ ಬೀರುವಿನಲ್ಲಿರುತ್ತದೆ, ಜೀವಕ್ಕೆ ಅಪಾಯವಿದ್ದಾಗ ಬಿಟ್ಟು ಬೇರೆ ಯಾರಿಗೂ ಅದನ್ನು ತೋರಿಸುವುದಿಲ್ಲ. ಆದರೆ ಮೆಡಿಕಲ್ ಫಾರಂನಲ್ಲಿ ಸುಳ್ಳು ಬರಿ ಅಂತ ನಾನು ಹೇಳುವುದೂ ಇಲ್ಲ. ಮಾತ್ರೆ ಬೇಕಾಗುವಂಥ ಕಾಯಿಲೆ ಕಂಡರೆ ವಿಮಾನಯಾನ ಗೊತ್ತಿರುವ ಡಾಕ್ಟರ ಹತ್ತಿರ ಕಳಿಸುತ್ತೇನೆ, ಅಲ್ಲಿಯವರೆಗೆ ಹಾರುವ ಹಾಗಿಲ್ಲ. ಅವನಿಗೆ ಇದು ಹಿಡಿಸಲಿಲ್ಲ. ನನ್ನ ಜೊತೆ ಕೆಲಸ ಮಾಡುವವರೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಎಂದರು. ನಾನು ಒಪ್ಪುವುದಿಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಬಡಿದು 150 ಜನ ಹೋದರು. ಬೇಕೆಂದೇ ಹಾಗೆ ಬಡಿಸಿದ ಕೋ ಪೈಲಟ್ ತನ್ನ ಮಾನಸಿಕ ಕಾಯಿಲೆಯನ್ನು ಕಂಪನಿಯಿಂದ ಮುಚ್ಚಿಟ್ಟಿದ್ದ. ನಮ್ಮ ಡಿಜಿಸಿಎ ಕೂಡ 2023ರಲ್ಲಿ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿತು. ಮುಚ್ಚಿಡುವ ಅಭ್ಯಾಸ ಟ್ರೈನಿಂಗ್‌ನಲ್ಲೇ ಶುರುವಾಗುತ್ತದೆ. ಅದಕ್ಕೆ ನಾನು ಕೈ ಜೋಡಿಸಲಾರೆ.

ಪುಣ್ಯಕ್ಕೆ ಚೇತನ್‌ಗೆ ಮಾತ್ರೆ ಬೇಕಾಗುವಂಥದ್ದೇನೂ ಕಾಣಲಿಲ್ಲ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದ, ನನ್ನ ಕಣ್ಣು ನೋಡಿಯೇ ಹೇಳಿದ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಬೇಕು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು ಎಂದು ನಂಬರ್ ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲಿಯೂ ಮಾತಾಡುತ್ತಾರೆ.

ಆಮೇಲಿನ ಭೇಟಿಗಳಲ್ಲಿ ಅವನು ಬರೀ ಸ್ಕೂಲನ್ನು ಬೈಯುತ್ತಿದ್ದ. ವಿಮಾನ ರಿಪೇರಿಗೆ ನಿಂತಿವೆ, ಇನ್‌ಸ್ಟ್ರಕ್ಟರ್ ಸಾಲದು, ವಾರಕ್ಕೆ ಎರಡು ಸಲ ಹಾರಿದರೆ ಹೆಚ್ಚು. ಎಲ್ಲ ನಿಜವೇ ಇರಬಹುದು. ಆದರೆ ಅದರಿಂದ ಹೊಟ್ಟೆನೋವು ಬರುವುದಿಲ್ಲವಲ್ಲ. ಒಂದು ಶನಿವಾರ ಸುಮ್ನೆ ಕೇಳಿದೆ, "ಅಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡ್ತೀಯ?"

"ಮೆಟಾರ್ ನೋಡ್ತೀನಿ."

ಅರ್ಧ ಗಂಟೆಗೊಮ್ಮೆ ಏರ್‌ಪೋರ್ಟ್‌ನಿಂದ ಬರುವ ಹವಾಮಾನದ ವರದಿಯಂತೆ. ಎಷ್ಟು ದೂರ ಕಣ್ಣಿಗೆ ಕಾಣುತ್ತದೆ ಎನ್ನುವುದನ್ನು ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಕಲಿಯುವವರು ಹಾರಲು ಸಾಮಾನ್ಯವಾಗಿ 5 ಕಿಲೋಮೀಟರ್ ಕಾಣಬೇಕು.

"ನಾಲ್ಕೂವರೆಗೆ ಎದ್ದು ಹಾಸಿಗೇಲೇ ಫೋನ್ ತೆಗೀತೀನಿ. ಹತ್ತಿರದ ಏರ್‌ಪೋರ್ಟ್‌ದು 1500 ಅಂತ ಇದ್ರೆ ಸಾಕು ಮೇಡಂ. ಮತ್ತೆ ಹೊದ್ಕೊಂಡು ಮಲಗಿದ್ರೆ ಎಂಥಾ ನಿದ್ದೆ ಬರುತ್ತೆ ಅಂತೀರಿ!"

ಅಷ್ಟು ದಿನದಲ್ಲಿ ಅವನ ಮುಖ ಅರಳಿದ್ದನ್ನು ನಾನು ನೋಡಿದ್ದು ಆಗಲೇ.

"6000 ಇದ್ರೆ?"

"ಬಾತ್‌ರೂಮಿಗೆ ಓಡ್ತೀನಿ."

ನಗುತ್ತಲೇ ಹೇಳಿದ. ನಗು ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ನೆಲ ನೋಡುತ್ತ ಕೂತ. ಆಮೇಲೆ, "ಅಪ್ಪ ಮನೆ ಅಡ ಇಟ್ಟು ಹಾರೋಕೆ ಕಳಿಸಿದಾರೆ. ನಾನು ಇವತ್ತು ಮಂಜು ಬೀಳ್ಲಿ ಅಂತ ದೇವರಿಗೆ ಕೈ ಮುಗೀತೀನಿ" ಎಂದ.

ಇಲ್ಲಿ 'ನಿನಗೆ ವಿಮಾನದ ಭಯ' ಎಂದು ಷರಾ ಬರೆದು ಮುಗಿಸಬಹುದಿತ್ತು. ನಾನು ಹಾರಾಟವನ್ನು ತುಂಡು ತುಂಡಾಗಿ ಹೇಳಿಸಿದೆ. ಎಂಜಿನ್ ಶುರು ಮಾಡುವಾಗ? ಏನೂ ಇಲ್ಲ. ಟೇಕಾಫ್? ಇಷ್ಟ. ಮೇಲೆ ಹೋಗಿ ಸ್ಟಾಲ್, ಅಂದರೆ ರೆಕ್ಕೆಯ ಎತ್ತುವ ಶಕ್ತಿ ಹೋಗುವಂತೆ ಮಾಡಿ ಮತ್ತೆ ಸರಿಪಡಿಸುವ ಅಭ್ಯಾಸ? ಅದು ಇನ್ನೂ ಇಷ್ಟ, ಬೇರೆಯವರು ಹೆದರುತ್ತಾರೆ, ತಾನು ಹೆದರುವುದಿಲ್ಲ. ಇಳಿಯುವಾಗ? ಮಾತು ನಿಂತಿತು.

"ಇಳಿಯೋಕೆ ರನ್‌ವೇ ನೇರಕ್ಕೆ, ಫೈನಲ್‌ಗೆ ತಿರುಗಿದ ಮೇಲೆ ಲೆಕ್ಕ ಶುರುವಾಗುತ್ತೆ ಮೇಡಂ."

"ಏನು ಲೆಕ್ಕ?"

"ಗಂಟೆಗೆ 15 ಸಾವಿರ. ಮೇಲೆದ್ದು ಸುತ್ತು ಹಾಕಿ ಇಳಿಯೋ ಒಂದು ಸರ್ಕ್ಯೂಟ್‌ಗೆ ಆರು ನಿಮಿಷ. ಒಂದೂವರೆ ಸಾವಿರ. ಲ್ಯಾಂಡಿಂಗ್ ಕೆಟ್ರೆ ಆ ಒಂದೂವರೆ ಸಾವಿರ ಹೋಯ್ತು. ಒಂದು ಡಬ್ಬ ಪೇಂಟ್ ಮಾರಿದ್ರೆ ಅಪ್ಪನಿಗೆ ಎಷ್ಟು ಉಳಿಯುತ್ತೆ ಗೊತ್ತಾ ನಿಮಗೆ? ಎಷ್ಟು ಡಬ್ಬ ಮಾರ್ಬೇಕು ಅಂತ ಲೆಕ್ಕ ಹಾಕ್ತಾ ಇರ್ತೀನಿ. ಅಷ್ಟರಲ್ಲಿ ರನ್‌ವೇ ಬಂದಿರುತ್ತೆ."

ಸೆಸ್ನಾ 172 ಎಂಬ ಕಲಿಕೆಯ ಪುಟ್ಟ ವಿಮಾನ ಆ ಹೊತ್ತಿನಲ್ಲಿ ಸುಮಾರು 65 ನಾಟ್ ವೇಗದಲ್ಲಿರುತ್ತದೆ. ಗಂಟೆಗೆ 120 ಕಿಲೋಮೀಟರ್ ಅಂದುಕೊಳ್ಳಿ. ನೆಲ ಹತ್ತಿರವಾದಾಗ ಕಣ್ಣು ರನ್‌ವೇಯ ಆ ತುದಿಗೆ ಹೋಗಬೇಕು, ವಿಮಾನದ ಮೂಗನ್ನು ಮೆಲ್ಲಗೆ ಎತ್ತಬೇಕು. ಇವನು ಪೇಂಟ್ ಡಬ್ಬ ಎಣಿಸುತ್ತಿದ್ದ. ವಿಮಾನ ಪುಟಿಯುತ್ತಿತ್ತು. ಪಕ್ಕದ ಸೀಟಿನಲ್ಲಿದ್ದ ಇನ್‌ಸ್ಟ್ರಕ್ಟರ್, "ಅಪ್ಪನ ದುಡ್ಡು ಸುಡ್ತಾ ಇದೀಯಾ" ಎಂದು ಹಿಂದಿಯಲ್ಲಿ ಅಂದಿದ್ದನಂತೆ. ಆತನ ಮಟ್ಟಿಗೆ ಅದು ಮಾಮೂಲಿ ಬೈಗುಳ. ಇವನಿಗೆ ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು.

ಆವತ್ತೇ ಇನ್ನೊಂದು ವಿಷಯವೂ ಹೊರಬಂತು. ಅವನ ಲಾಗ್‌ಬುಕ್‌ನಲ್ಲಿ 31 ಗಂಟೆ ಆಗಿತ್ತು, ಇನ್ನೂ ಸೋಲೋ ಆಗಿರಲಿಲ್ಲ. ಜೊತೆಯವರೆಲ್ಲ ಒಂಟಿಯಾಗಿ ಹಾರಿ ಮುಂದೆ ಹೋಗಿದ್ದರು. ಮೊದಲ ಸೋಲೋ ಮುಗಿಸಿ ಬಂದವರ ತಲೆ ಮೇಲೆ ಬಕೆಟ್‌ನಲ್ಲಿ ನೀರು ಸುರಿಯುವುದು ಫ್ಲೈಯಿಂಗ್ ಸ್ಕೂಲ್‌ಗಳ ಪದ್ಧತಿ. ಗೆಳೆಯನೊಬ್ಬನಿಗೆ ಹಾಗೆ ಸುರಿದಾಗ ಪಕ್ಕದಲ್ಲಿದ್ದ ಇವನೂ ನೆಂದಿದ್ದ. ಆ ಫೋಟೋ ಮನೆಗೆ ಕಳಿಸಿದ್ದ. ಅಮ್ಮ ಬೀದಿಗೆಲ್ಲ ಪೇಡ ಹಂಚಿದ್ದರು. 'ಅದು ನಂದಲ್ಲ' ಎಂದು ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಅಪ್ಪನಿಗೆ ಆ ಸಂಖ್ಯೆ ಹೇಳು: 31 ಗಂಟೆ, ಸೋಲೋ ಆಗಿಲ್ಲ. ಫೋನಲ್ಲಿ ಬೇಡ, ಎದುರಿಗೆ ಕೂತು ಹೇಳು. ಬೇಕಾದರೆ ನಾನೂ ಇರುತ್ತೇನೆ. ಎರಡನೆಯದು, ಇನ್‌ಸ್ಟ್ರಕ್ಟರ್ ಬದಲಾಯಿಸಿ ಕೊಡಿ ಎಂದು ಚೀಫ್ ಫ್ಲೈಟ್ ಇನ್‌ಸ್ಟ್ರಕ್ಟರ್‌ಗೆ ಬರವಣಿಗೆಯಲ್ಲಿ ಕೇಳು. ಹೊಸಬರ ಜೊತೆ ಇನ್ನು 10 ಗಂಟೆ. ಒಂಟಿಯಾಗಿ ಕಳಿಸಬೇಕೋ ಬೇಡವೋ ಎನ್ನುವುದು ಪೂರ್ತಿ ಅವರ ತೀರ್ಮಾನ. ಅದರಲ್ಲಿ ನೀನೂ ಒತ್ತಾಯ ಮಾಡಬೇಡ, ನಿಮ್ಮಪ್ಪನೂ ಮಾಡಬಾರದು. ಆ 10 ಗಂಟೆ ಮುಗಿದ ಮೇಲೆ ಮುಂದುವರಿಯುವುದೋ ಬಿಡುವುದೋ ಎಂದು ಕೂತು ಮಾತಾಡೋಣ. ಅಲ್ಲಿಯವರೆಗೆ ಬಿಡುವ ಮಾತು ಬೇಡ.

ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಧೈರ್ಯ ತುಂಬಿ ಕಳಿಸಿದ್ದರೆ ಸಾಲದಿತ್ತೇ ಎಂದು ಕೇಳಿದವರಿದ್ದಾರೆ. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ. ಆದರೆ ಅವನ ತಲೆ ತುಂಬ ಮನೆಗೆ ಹೇಳಿದ ಸುಳ್ಳು ಮತ್ತು ಮನೆಯ ಸಾಲ ಕೂತಿತ್ತು. ಉಸಿರು ಹಿಡಿದು ಬಿಟ್ಟ ಮಾತ್ರಕ್ಕೆ ಸಾಲ ಇಳಿಯುತ್ತದಾ? ಇಂಥ ಮಕ್ಕಳಿಗೆ 'ನಿನ್ನಿಂದ ಆಗುತ್ತೆ' ಎಂದು ಬೆನ್ನು ತಟ್ಟುವವರು ಬೇಕಾದಷ್ಟು ಜನ ಇರುತ್ತಾರೆ. ಊರಿನ ಫ್ಲೆಕ್ಸ್ ಕೂಡ ಅದನ್ನೇ ಹೇಳುತ್ತಿತ್ತು.

ಅಪ್ಪ ಅಮ್ಮ ಇಬ್ಬರೂ ಬಂದರು. ಚೇತನ್ ಹೇಳಿ ಮುಗಿಸಿದ ಮೇಲೆ ಅಮ್ಮ, "ಪೇಡ ಹಂಚಿದ್ನಲ್ಲೋ" ಎಂದರು, ಅಷ್ಟೇ. ಅಪ್ಪ ನನ್ನ ಕಡೆ ತಿರುಗಿದರು. "28 ಲಕ್ಷ ಕಟ್ಟಿದೀನಿ ಮೇಡಂ. ಈಗ ಬಿಟ್ರೆ ಅಷ್ಟೂ ನೀರಲ್ಲಿ ಹೋಮ. ನೀವು ಅವನಿಗೆ ಬಿಡೋ ದಾರಿ ತೋರಿಸ್ತಾ ಇದೀರಿ."

"ಬಿಡು ಅಂತಾನೂ ನಾನು ಹೇಳಿಲ್ಲ, ಇರು ಅಂತಾನೂ ಹೇಳಿಲ್ಲ. ಆ 28 ಲಕ್ಷ ಅವನು ಮುಂದುವರಿದ್ರೂ ಹೋಗಿದೆ, ಬಿಟ್ರೂ ಹೋಗಿದೆ. ಇನ್ನು ಕಟ್ಟಬೇಕಾಗಿರೋದು 20 ಲಕ್ಷದ ಮೇಲಿದೆ. ಅದನ್ನ ಕಟ್ಟಬೇಕಾ ಅನ್ನೋದಷ್ಟೇ ನಿಮ್ಮ ಕೈಯಲ್ಲಿರೋದು" ಎಂದೆ.

ವ್ಯಾಪಾರ ಮಾಡಿದ ಮನುಷ್ಯ. ಕೋಪ ಹೋಗಲಿಲ್ಲ, ಆದರೆ ಲೆಕ್ಕ ಅರ್ಥವಾಯಿತು. ಏಳುವಾಗ ಮಗನಿಗೆ, "ವಿಮಾನ ಇಳಿಸೋವಾಗ ಅಂಗಡಿ ಯಾಕೋ ನೆನಪು ಮಾಡ್ಕೋತೀಯ? ಅಂಗಡೀಲಿ ನಾನಿಲ್ವಾ?" ಎಂದು ಗದರಿದರು. ನಾನು ಹೇಳಿದ್ದಕ್ಕಿಂತ ಇದು ಚೇತನ್‌ಗೆ ಜಾಸ್ತಿ ಉಪಯೋಗಕ್ಕೆ ಬಂತು ಎಂದು ಆಮೇಲೆ ಗೊತ್ತಾಯಿತು.

ಮಳೆ ಕಡಿಮೆಯಾದ ಮೇಲೆ ಹೋದ. ಇನ್‌ಸ್ಟ್ರಕ್ಟರ್ ಬದಲಾದರು. 10 ಗಂಟೆ ಮುಗಿಯುವ ಮೊದಲೇ ಸೋಲೋ ಆಯಿತು. ಈಗ ಅವನ ಲಾಗ್‌ಬುಕ್ 90 ಗಂಟೆ ದಾಟಿದೆ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಬೇಕು, ಅದರಲ್ಲಿ 100 ಗಂಟೆ ಅವನೇ ವಿಮಾನದ ಪೂರ್ತಿ ಹೊಣೆ ಹೊತ್ತು, ಪೈಲಟ್ ಇನ್ ಕಮಾಂಡ್ ಆಗಿ ಹಾರಿರಬೇಕು. 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ ಎಂಬ ದೂರದ ಹಾರಾಟ, ರಾತ್ರಿ ಹಾರಾಟ ಎಲ್ಲ ಬಾಕಿ ಇದೆ.

ನನ್ನ ಸಲಹೆ ಗೆದ್ದಿತು ಅಂತ ಇದನ್ನು ಓದಬೇಡಿ. ಇದೇ ಸಲಹೆಯನ್ನು ಒಬ್ಬ ಹುಡುಗಿಗೂ ಕೊಟ್ಟಿದ್ದೆ. ಅವಳ 10 ಗಂಟೆ ಮುಗಿದಾಗ ಸೋಲೋಗೆ ಕಳಿಸಲು ಚೀಫ್ ಒಪ್ಪಲಿಲ್ಲ. ಅವಳು ಬಿಟ್ಟಳು. ಮನೆಯಲ್ಲಿ ದೊಡ್ಡ ರಂಪವಾಯಿತು, ನನಗೂ ಬೈಗುಳ ಬಿತ್ತು. ಈಗ ನೆಲದಲ್ಲೇ ಕೂತು ಹಾರಾಟದ ಯೋಜನೆ ಮಾಡುವ ಫ್ಲೈಟ್ ಡಿಸ್ಪ್ಯಾಚರ್ ಆಗಲು ಓದುತ್ತಿದ್ದಾಳೆ. ಆ ಮನೆಯವರ ಪ್ರಕಾರ ನಾನು ಅವಳ ಭವಿಷ್ಯ ಹಾಳು ಮಾಡಿದೆ. ಅವಳು ಇವತ್ತು ಬಂದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ಮಕ್ಕಳನ್ನು ಕಳಿಸಲು ಹೊರಟಿರುವ ಅಪ್ಪ ಅಮ್ಮಂದಿರಿಗೆ ಕೆಲವು ಮಾತು. ಫೀಸ್ ಕಟ್ಟುವ ಮೊದಲು ಕ್ಲಾಸ್ 1 ಮೆಡಿಕಲ್ ಮುಗಿಸಿ. ಮೊದಲ ಹಂತದ ಕ್ಲಾಸ್ 2 ಆಯಿತಲ್ಲ ಎಂದು ದುಡ್ಡು ಕಟ್ಟಿ, ಆಮೇಲೆ ಕ್ಲಾಸ್ 1ನಲ್ಲಿ ಕಣ್ಣಿನದೋ ಕಿವಿಯದೋ ತೊಂದರೆ ಸಿಕ್ಕಿ ಕೂತವರಿದ್ದಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಈ ಪರೀಕ್ಷೆ ಮಾಡುತ್ತಾರೆ. ಸ್ಕೂಲ್ ನೋಡಲು ಹೋದಾಗ ಸಿಮ್ಯುಲೇಟರ್ ನೋಡಿ ಖುಷಿಪಡಬೇಡಿ. ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಕಲಿಯುವವರು ಎಷ್ಟು, ಹಿಂದಿನ ಬ್ಯಾಚ್ 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡಿತು ಎಂದು ಕೇಳಿ. ಆಫೀಸಿನವರನ್ನಲ್ಲ, ಹಾಸ್ಟೆಲ್‌ನಲ್ಲಿರುವ ಮಕ್ಕಳನ್ನು ಕೇಳಿ. 2025ರಿಂದ ಡಿಜಿಸಿಎ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನೂ ನೋಡಿ. ಸಿಪಿಎಲ್ ಕೈಗೆ ಬಂದ ಮೇಲೆ ಎ320ನಂಥ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೇ ಬೇರೆ ತರಬೇತಿ ಬೇಕು. ಅದಕ್ಕೆ ಲಕ್ಷಗಟ್ಟಲೆ ಖರ್ಚು ಬೇರೆ. ಸಾಲದ ಲೆಕ್ಕದಲ್ಲಿ ಅದನ್ನು ಮೊದಲೇ ಸೇರಿಸಿಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೆ ಸಾಲದ ವಿಷಯ ಮಗನಿಗೆ ಗೊತ್ತಿರಲಿ, ಆದರೆ ಪ್ರತಿ ಫೋನಿನಲ್ಲೂ ಅದನ್ನೇ ಎತ್ತಬೇಡಿ. ಇವತ್ತು ಹಾರಾಟ ಹೇಗಿತ್ತು ಎಂದು ಕೇಳಿ. ಚೆನ್ನಾಗಿರಲಿಲ್ಲ ಎಂದರೆ ಊಟ ಆಯ್ತಾ ಎಂದು ಕೇಳಿ ಫೋನ್ ಇಡಿ.

ದುಡ್ಡನ್ನು ಒಂದೇ ಸಲಕ್ಕೆ ಕಟ್ಟಬೇಡಿ. ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದು ಪೂರ್ತಿ ಕಟ್ಟಿದವರೇ ಬಿಡಲೂ ಆಗದೆ ಇರಲೂ ಆಗದೆ ನನ್ನ ಹತ್ತಿರ ಬರುವುದು. ಚೇತನ್‌ನ ಅಪ್ಪ ಉಳಿದ ಕಂತುಗಳನ್ನು ಈಗ ಹಾರಿದ ಗಂಟೆ ನೋಡಿ ಕಟ್ಟುತ್ತಿದ್ದಾರೆ. ಸ್ಕೂಲಿನವರು ಮೊದಲು ಆಗುವುದೇ ಇಲ್ಲ ಎಂದರು. ಇವರು ಅಲ್ಲೇ ಆಫೀಸಿನ ಮುಂದೆ ಕೂತರು. ಸಂಜೆಯೊಳಗೆ ಒಪ್ಪಿಕೊಂಡರಂತೆ.