ಹಲಸೂರು ಕೆರೆಯೋ, ಸ್ಯಾಂಕಿ ಕೆರೆಯೋ? ಮಂಡಿನೋವಿನ ಅಮ್ಮ, ಆರು ವರ್ಷದ ಮಗಳ ಜೊತೆ ಭಾನುವಾರ ಎಲ್ಲಿ ಸುತ್ತಾಡೋಣ?

ದಾವಣಗೆರೆಯಿಂದ ಬೆಂಗಳೂರಿಗೆ ಅಪ್ಪ ಅಮ್ಮ ಬರುತ್ತಿದ್ದಾರೆ, ಅಮ್ಮನಿಗೆ ಮಂಡಿನೋವು, ಮಾಲ್ ಬೇಡ, ಕೆರೆಯೂ ಬೇಕು ಪೇಟೆಯೂ ಬೇಕು ಅಂತ ಕೇಳಿದ್ದೀರಿ. ನಾನು ಮಲ್ಲೇಶ್ವರದ ಸೊಸೆ. ನಮ್ಮ ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಗೇ ಬನ್ನಿ ಅಂತೀನಿ. ಹಲಸೂರು ಕೆರೆ ಇನ್ನೂ ದೊಡ್ಡದು, ನಡುಗಡ್ಡೆಗಳಿವೆ, ನೋಡಲು ಚೆಂದವೇ. ಆದರೆ ಕೆರೆ ಬಿಟ್ಟು ಆಚೆ ಕಾಲಿಟ್ಟರೆ ವಾಹನಗಳ ಭರಾಟೆ, ವಯಸ್ಸಾದವರ ಕೈ ಹಿಡಿದು ರಸ್ತೆ ದಾಟಿಸುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ಮಲ್ಲೇಶ್ವರದಲ್ಲಿ ಅಮ್ಮನಿಗೆ ಎಲ್ಲಿ ಸಾಕೆನಿಸಿತೋ ಅಲ್ಲಿ ಕೂತುಬಿಡಬಹುದು, ಅಷ್ಟರಲ್ಲಿ ಉಳಿದವರಿಗೂ ನೋಡಲು ಏನಾದರೂ ಇದ್ದೇ ಇರುತ್ತದೆ. ನಿಮ್ಮಂಥ ಸಂಸಾರಕ್ಕೆ ಅದೇ ಮುಖ್ಯ.

ಬೆಳಗ್ಗೆ ಏಳರೊಳಗೆ ಕೆರೆ ಸೇರಿಕೊಳ್ಳಿ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ (1876-78) ಬೆಂಗಳೂರು ನೀರಿಗೆ ಪರದಾಡಿದ ಮೇಲೆ, 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಇದು. ಸರ್ಕಾರದ ಗಂಧದ ಕೋಠಿ, ಅಂದರೆ ಶ್ರೀಗಂಧದ ಉಗ್ರಾಣ, ಹತ್ತಿರವೇ ಇದ್ದದ್ದರಿಂದ ಹಳಬರಿಗೆ ಇದು ಗಂಧದ ಕೋಠಿ ಕೆರೆ. ಪೂರ್ತಿ ಸುತ್ತು ಹಾಕಲೇಬೇಕೆಂಬ ಹಟ ಬೇಡ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ, ಮಗಳನ್ನು ಅಜ್ಜನ ಜೊತೆ ಕಳಿಸಿ. ನೀರುಕಾಗೆ ಮುಳುಗಿ ಎದ್ದು, ಕೊಂಬೆ ಮೇಲೆ ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಒಣಗಿಸಿಕೊಳ್ಳುವುದನ್ನು ತೋರಿಸಿ, ನಮ್ಮ ಮಕ್ಕಳು ಅಲ್ಲಿಂದ ಏಳುತ್ತಿರಲಿಲ್ಲ. ಇಲ್ಲಿ ಮೇಲ್ಸೇತುವೆ ಬರುತ್ತದೆ, ಮರಗಳು ಹೋಗುತ್ತವೆ ಅಂದಾಗ 2023ರಲ್ಲಿ ಸುತ್ತಲಿನ ಬಡಾವಣೆಯವರು ಬೀದಿಗಿಳಿದಿದ್ದರು. ಆ ನೆರಳಲ್ಲಿ ನಡೆಯುವಾಗ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಕಳವಳ, ಜೊತೆಗೆ ಅಭಿಮಾನ.

ಅಲ್ಲಿಂದ ಕಾಡು ಮಲ್ಲೇಶ್ವರ ದೇವಸ್ಥಾನ ದೂರವಿಲ್ಲ. ಅಪ್ಪನಿಗೆ ಇತಿಹಾಸದ ಆಸಕ್ತಿಯಿದ್ದರೆ ಹೇಳಿ: ಶಿವಾಜಿಯ ಮಲತಮ್ಮ ಏಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುಕೊಟ್ಟದ್ದು 1669ರ ಶಾಸನದಲ್ಲಿದೆ. 1898ರ ಪ್ಲೇಗಿನ ಹೊತ್ತಿನಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಮಲ್ಲೇಶ್ವರ ಬಡಾವಣೆ ಬೆಳೆಯಿತು. ದೇವರು ಮೊದಲು, ಊರು ಆಮೇಲೆ. ಎದುರಿಗೇ ನಂದಿತೀರ್ಥ. ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಕಲ್ಯಾಣಿ 1997ರಲ್ಲಿ ಅಗೆದಾಗ ಸಿಕ್ಕಿತು. ನಂದಿಯ ಬಾಯಿಂದ ಸಣ್ಣಗೆ ಹರಿಯುವ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು ಕಲ್ಯಾಣಿ ಸೇರುತ್ತದೆ. ಈ ಗುಡಿ ಇರುವುದು ರಸ್ತೆಗಿಂತ ತಗ್ಗಿನಲ್ಲಿ, ಅಮ್ಮನನ್ನು ನಿಧಾನವಾಗಿ ಇಳಿಸಿ.

ದರ್ಶನವಾದ ಮೇಲೆಯೇ ತಿಂಡಿ ಅನ್ನುವವರಾದರೆ ಈ ಕ್ರಮ ಅವರಿಗೂ ಒಗ್ಗುತ್ತದೆ. 15ನೇ ಕ್ರಾಸಿನಲ್ಲಿ ವೀಣಾ ಸ್ಟೋರ್ಸ್ ಇಡ್ಲಿ, ಚಟ್ನಿಗೆ ಸಾಟಿಯಿಲ್ಲ, ಆದರೆ ನಿಂತೇ ತಿನ್ನಬೇಕು. ಅಮ್ಮನಿಗಾಗಿ ಪಾರ್ಸೆಲ್ ತಂದು ಎಲ್ಲಾದರೂ ಕೂರಿಸಿ ಕೊಡಿ. 7ನೇ ಕ್ರಾಸಿನ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆಗೆ ಭಾನುವಾರ ಕಾಯುವುದು ಇದ್ದದ್ದೇ. ಬೆಣ್ಣೆ ದೋಸೆಯ ಊರಿನವರು ನೀವು, ಎರಡಕ್ಕೂ ವ್ಯತ್ಯಾಸ ಗೊತ್ತಾಗಲೆಂದಾದರೂ ಒಮ್ಮೆ ತಿನ್ನಿ. ಆತುರವಿದ್ದರೆ ಇಡ್ಲಿಯೇ ಸಾಕು.

ಕ್ರಾಸುಗಳ ಸಂಖ್ಯೆ ಕೆರೆ ಕಡೆಯಿಂದ ದಕ್ಷಿಣಕ್ಕೆ ಬಂದಂತೆ ಇಳಿಯುತ್ತದೆ, ದಾರಿ ತಪ್ಪುವ ಭಯವಿಲ್ಲ. 8ನೇ ಕ್ರಾಸಿನ ಹೂವಿನ ಪೇಟೆವರೆಗೆ ಅಮ್ಮನಿಗೆ ಆಟೋ ಮಾಡಿ, ಅವರ ಕಾಲಿನ ಶಕ್ತಿ ಅಲ್ಲಿಗೇ ಉಳಿದಿರಲಿ. ಕೆರೆಗಿಂತಲೂ ನನಗೆ ಹೆಚ್ಚು ಪ್ರೀತಿ ಈ ಬೀದಿ. ಬುಟ್ಟಿಗಳಲ್ಲಿ ಸೇವಂತಿಗೆ, ಕನಕಾಂಬರ, ಒದ್ದೆ ಗೋಣಿಚೀಲದ ಮೇಲೆ ಸುರುಳಿ ಸುತ್ತಿದ ಮಲ್ಲಿಗೆ, ತುಳಸಿ, ದವನ, ಬಾಳೆಲೆ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕಿ ಅಳೆಯುತ್ತಾರೆ. ನಮ್ಮತ್ತೆ "ಸ್ವಲ್ಪ ಸಡಿಲ ಬಿಡಮ್ಮ, ದೇವರಿಗೆ" ಅಂದರೆ ಸಾಕು, ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿ, ಎಲೆಯಲ್ಲಿ ಸುತ್ತಿ, ಬಾಳೆನಾರಲ್ಲಿ ಕಟ್ಟಿ ಕೈಗಿಡುತ್ತಾರೆ. ನಿಮ್ಮ ಅಮ್ಮನಿಗೆ ಚೌಕಾಸಿ ಇಷ್ಟವಾದರೆ ನೀವು ನಡುವೆ ಬಾಯಿ ಹಾಕಬೇಡಿ, ಆನ್‌ಲೈನಲ್ಲಿ ಇಷ್ಟಕ್ಕೇ ಸಿಗುತ್ತೆ ಅನ್ನಬೇಡಿ. ಬೇಕಾದಷ್ಟು ಹೊತ್ತು ಬಿಟ್ಟುಬಿಡಿ. ಪುಷ್ಯ ಮಾಸದ ಹೊತ್ತಿಗೆ ಬಂದರೆ ಸೊಗಡಿನ ಅವರೆಕಾಯಿ ರಾಶಿ ಬಿದ್ದಿರುತ್ತದೆ, ಊರಿಗೆ ಎರಡು ಕೆಜಿ ಕಟ್ಟಿಸಿಕೊಳ್ಳಿ.

ವಾಪಸು ಹೋಗಲು ಸಂಪಿಗೆ ರಸ್ತೆ ಮೆಟ್ರೊ ಇದೆ, ಲಿಫ್ಟೂ ಇದೆ. ಕಾರು ಮಾತ್ರ ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದೇ ದೊಡ್ಡ ಪಾಡು. ದಿನಾಂಕ ಇನ್ನೂ ಗೊತ್ತು ಮಾಡಿಲ್ಲವಾದರೆ ಕಾರ್ತಿಕದಲ್ಲಿ ಕಾಡು ಮಲ್ಲೇಶ್ವರದ ಕಡಲೆಕಾಯಿ ಪರಿಷೆ ಯಾವಾಗ ಅಂತ ವಿಚಾರಿಸಿ. ಮಗಳಿಗೆ ಅದು ತುಂಬಾ ಖುಷಿಯಾಗುತ್ತದೆ. ಆದರೆ ಅವತ್ತು ಜನಜಂಗುಳಿ ಇರುತ್ತದೆ, ಅಮ್ಮನನ್ನು ಬೆಳಗ್ಗೆಯೇ ಕರೆದುಕೊಂಡು ಹೋಗಿ ಬಂದುಬಿಡಿ.