ಚೊಂಬು ನೀರಿಟ್ಟವಳು ಯಾರು ಅಂತ ಅಣ್ಣನಿಗೆ ಚಿಂತೆ

ಪ್ರಶ್ನೆ: ನಮ್ಮಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ತೀರಿಕೊಂಡು ಎರಡು ವರ್ಷ ಆಯಿತು. ಮೊನ್ನೆ ಅಟ್ಟದ ಟ್ರಂಕಿನಲ್ಲಿ ಅವರ ಏಳು ಡೈರಿ ಸಿಕ್ಕವು. ಎಲ್ಲದರಲ್ಲೂ ಕವನ! ಅವರು ಬರೀತಿದ್ದರು ಅಂತಲೇ ನಮಗೆ ಗೊತ್ತಿರಲಿಲ್ಲ. ನೈಟ್ ಹಾಲ್ಟ್ ಬಗ್ಗೆ ಬರೆದ ಒಂದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ:

ಲಾಸ್ಟ್ ಬಸ್ಸು ನಿಂತಿತು, ಊರ ದೀಪ ಆರಿತು
ಚೊಂಬು ನೀರಿಟ್ಟವಳ ಬಳೆ ಸದ್ದು ಕೇಳಿತು
ಮುಖ ಮಾತ್ರ ಕಂಡಿಲ್ಲ ಇವತ್ತಿಗೂ

ಅಣ್ಣ ಫೋನ್ ಮಾಡಿ ಡಿಲೀಟ್ ಮಾಡಿಸಿದ. "ಅಮ್ಮ ಇನ್ನೂ ಇದ್ದಾಳೆ, ನೆನಪಿರಲಿ" ಅಂದ. ನನಗೆ ಇವನ್ನೆಲ್ಲ ಪುಸ್ತಕ ಮಾಡುವ ಆಸೆ. ನನ್ನ ಹದಿಮೂರು ವರ್ಷದ ಮಗಳು, ಅಣ್ಣನ ಮಕ್ಕಳು ಎಲ್ಲರೂ ಬರೆಯುವ ಹಾಗಾಗಲಿ ಅಂತಲೂ ಆಸೆ. ಡೈರಿಯಲ್ಲಿ ಖಾಲಿ ಉಳಿದ ಹಾಳೆಯಲ್ಲಿ ಮಗಳ ಕೈಲಿ ಬರೆಸೋಣ ಅಂದುಕೊಂಡರೆ ಅವಳು ಅದನ್ನು ಮುಟ್ಟಲೂ ಇಲ್ಲ. ನಾನು ಮಾಡುತ್ತಿರುವುದು ತಪ್ಪಾ?
- ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಪ್ಪ ಇದ್ದಾರೆ, ಅಣ್ಣ ಇದ್ದಾನೆ, ಮಗಳಿದ್ದಾಳೆ. ಅಮ್ಮ ಮಾತ್ರ ಅಣ್ಣನ ಬಾಯಲ್ಲಿ ಒಂದೇ ಸಲ ಬಂದು ಹೋಗುತ್ತಾರೆ. ಅಲ್ಲ, ಅಮ್ಮನ್ನ ಯಾರಾದರೂ ಕೇಳಿದಿರಾ? ಅಮ್ಮನಿಗೆ ಬೇಜಾರಾಗುತ್ತೆ ಅಂತ ಅಣ್ಣನೇ ತೀರ್ಮಾನ ಮಾಡಿದ, ನೀವು ಅವನ ಜೊತೆ ಜಗಳಕ್ಕೆ ನಿಂತಿರಿ, ಅಮ್ಮ ಒಳಗೆ ಅವರೆಕಾಳು ಸುಲಿಯುತ್ತಾ ಕೂತಿದ್ದಾರೆ.

ಆ ಮೂರನೇ ಸಾಲನ್ನು ಅಣ್ಣ ಓದಿದ ಹಾಗಿಲ್ಲ. ಕಡೇ ಬಸ್ಸು ಹಳ್ಳಿ ಸೇರಿದ ಮೇಲೆ ಡ್ರೈವರ್ರು ಕಂಡಕ್ಟರ್ರು ಅಲ್ಲೇ ಬಸ್ಸಿನೊಳಗೆ ಮಲಗಿ, ಬೆಳಗ್ಗೆ ಅದೇ ಬಸ್ಸನ್ನು ಫಸ್ಟ್ ಟ್ರಿಪ್ಪಿಗೆ ಹೊರಡಿಸಬೇಕು, ಅಂಥ ಕೆಲಸ ಅದು. ಕತ್ತಲಲ್ಲಿ ಯಾರೋ ಒಬ್ಬಳು ಕುಡಿಯೋಕೆ ನೀರಿಟ್ಟು ಹೋಗುತ್ತಾಳೆ. ಇವರು ಮುಖ ನೋಡಿಲ್ಲ, ಸದ್ದು ಕೇಳಿದ್ದಾರೆ. ಇದರಲ್ಲಿ ಗುಟ್ಟು ಮಾಡೋಕೆ ಏನಿದೆ? ಇದ್ದರೂ ಇರಬಹುದು ಅನ್ನಿ, ನನಗೇನು ಗೊತ್ತು. ಆದರೆ ಅದನ್ನು ಹೇಳಬೇಕಾದವರು ಅಮ್ಮ, ನೀವಿಬ್ಬರೂ ಅಲ್ಲ.

ಅದಕ್ಕೆ ಮೊದಲ ಕೆಲಸ, ಡೈರಿಗಳನ್ನು ತಗೊಂಡು ಅಮ್ಮನ ಹತ್ತಿರ ಹೋಗಿ. ಒಂದೊಂದೇ ಓದಿ ಹೇಳಿ, ಈ ಚೊಂಬಿನದ್ದನ್ನೂ ಬಿಡಬೇಡಿ. ಅವರು ಯಾವುದನ್ನಾದರೂ ಬೇಡ ಅಂದರೆ ಅದು ಟ್ರಂಕಿನಲ್ಲೇ ಇರಲಿ, ವಾದ ಮಾಡಬೇಡಿ. ಕಾನೂನೂ ಇದನ್ನೇ ಹೇಳುತ್ತೆ: 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ ಹಕ್ಕು ವಾರಸುದಾರರಿಗೆ ಬರುತ್ತೆ. ಅಪ್ಪ ವಿಲ್ ಬರೆದಿಲ್ಲ ಅಂದರೆ ಅಮ್ಮ, ಅಣ್ಣ, ನೀವು, ಎಲ್ಲರದ್ದೂ ಪಾಲಿದೆ. ಟ್ರಂಕ್ ತೆಗೆದವರು ನೀವು ಅಂದ ಮಾತ್ರಕ್ಕೆ ಅಚ್ಚು ಹಾಕಿಸೋ ಹಕ್ಕು ನಿಮ್ಮೊಬ್ಬರದ್ದೇ ಆಗಲ್ಲ.

ಓದುವಾಗ ಅಮ್ಮನಿಗೆ ಏನು ಹಾಡು ಬರುತ್ತೆ ಅಂತಲೂ ಕೇಳಿ. ಸೋಬಾನೆ, ಬೀಸೋ ಪದ, ಜೋಗುಳ, ಏನಾದರೂ ಇದ್ದೇ ಇರುತ್ತೆ. ಫೋನಿನಲ್ಲಿ ರೆಕಾರ್ಡ್ ಮಾಡಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರಲ್ಲ, ಆ ಪದಗಳು ಉಳಿದವು, ಆದರೆ ಯಾವುದನ್ನು ಯಾರು ಕಟ್ಟಿದ್ದು ಅಂತ ಇವತ್ತು ಹೇಳೋಕಾಗಲ್ಲ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ. ಪ್ರತಿಯೊಂದರ ಕೆಳಗೂ ಯಾರದ್ದು, ಯಾವ ವರ್ಷ, ಯಾರಿಂದ ಕಲಿತದ್ದು ಅಂತ ಬರೆದಿಡಿ.

ಇನ್ನು ಪುಸ್ತಕ. ನಮ್ಮ ಮನೆಯ ಕತೆ ಹೇಳ್ತೀನಿ. ನಮ್ಮ ತಾತನೂ ಬರೆಯುತ್ತಿದ್ದರು. ಅವರು ಹೋದ ಮೇಲೆ ಚಿಕ್ಕಪ್ಪ ಎಲ್ಲ ಪದ್ಯಗಳ ಪ್ರಾಸ ಸರಿ ಮಾಡಿ, 'ಹಾಲ್ನೊರೆ' ಅಂತಿದ್ದದ್ದನ್ನು 'ಕ್ಷೀರಫೇನ' ಮಾಡಿ, ದೊಡ್ಡವರೊಬ್ಬರ ಮುನ್ನುಡಿ ಹಾಕಿಸಿ ಐನೂರು ಪ್ರತಿ ಅಚ್ಚು ಹಾಕಿಸಿದರು. ಅರ್ಧಕ್ಕಿಂತ ಜಾಸ್ತಿ ಗೆದ್ದಲು ತಿಂದಿತು. ಉಳಿದದ್ದರಲ್ಲಿ ತಾತ ಇಲ್ಲ, ಚಿಕ್ಕಪ್ಪ ಇದ್ದಾರೆ. ಆದ್ದರಿಂದ ಅಪ್ಪ 'ಬಸ್ಸು' ಅಂದಿದ್ದರೆ ಬಸ್ಸೇ ಇರಲಿ, ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ. ಹೊಡೆದು ಹಾಕಿದ ಸಾಲನ್ನೂ ಫೋಟೋ ತೆಗೆಯಿರಿ, ಫ್ಲ್ಯಾಶ್ ಹಾಕದೆ, ಕಿಟಕಿ ಬೆಳಕಲ್ಲಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಲೇಬೇಡಿ, ಕೆಲವು ವರ್ಷದಲ್ಲಿ ಹಳದಿಯಾಗಿ ಅಕ್ಷರ ಹಾಳು ಮಾಡುತ್ತೆ. ಡಿಟಿಪಿಯವರ ಹತ್ತಿರ ಟೈಪ್ ಮಾಡಿಸುವಾಗ ಯೂನಿಕೋಡಿನಲ್ಲೇ ಬೇಕು ಅನ್ನಿ, ಹಳೇ ಫಾಂಟಿನಲ್ಲಿ ಮಾಡಿಕೊಟ್ಟರೆ ಮೊಬೈಲಿನಲ್ಲಿ ತೆಗೆದಾಗ ಬರೀ ಅರ್ಥವಾಗದ ಅಕ್ಷರ ಕಾಣುತ್ತೆ. ಸದ್ಯಕ್ಕೆ ಮೂವತ್ತು ಪ್ರತಿ ಝೆರಾಕ್ಸ್, ಸ್ಪೈರಲ್ ಬೈಂಡಿಂಗ್, ಸಾಕು. ತಿಥಿಗೆ ಬಂದವರ ಕೈಗೆ ಕೊಡಿ. ಯಾರಾದರೂ ಇನ್ನೊಂದು ಪ್ರತಿ ಕೇಳಿದರೆ ಆಗ ಅಚ್ಚಿನ ಮಾತು.

ಮಗಳ ವಿಷಯಕ್ಕೆ ಬರೋಣ. ಅವಳು ಡೈರಿ ಮುಟ್ಟದೇ ಇದ್ದದ್ದು ಸರಿಯಾಗೇ ಇದೆ. ತೀರಿಕೊಂಡ ತಾತನ ಕೈಬರಹದ ಪಕ್ಕದಲ್ಲಿ ನೀಲಿ ಜೆಲ್ ಪೆನ್ನು ಹಿಡಿದು ಬರಿ ಅಂದರೆ ಯಾವ ಮಗು ಬರೆಯುತ್ತೆ ಹೇಳಿ? ನನ್ನ ಕೈಯೂ ನಡುಗುತ್ತೆ. ಜೊತೆಗೆ, ತಾತನ ಪದ್ಯ ಗ್ರೂಪಿಗೆ ಹೋದಾಗ ಏನಾಯಿತು ಅಂತ ಅವಳು ನೋಡಿದ್ದಾಳೆ. ನಾಳೆ ನನ್ನದನ್ನೂ ಅಮ್ಮ ಫಾರ್ವರ್ಡ್ ಮಾಡಿದರೆ ಅನ್ನೋ ಭಯ ಇರುತ್ತೆ, ಅಲ್ವಾ? ಕೇಳದೆ ಯಾರಿಗೂ ತೋರಿಸಲ್ಲ ಅಂತ ಮೊದಲು ಮಾತು ಕೊಡಿ, ಕೊಟ್ಟ ಮೇಲೆ ಅತ್ತಿಗೆಗೂ ಕದ್ದು ತೋರಿಸಬೇಡಿ.

"ಕವನ ಬರಿ" ಅನ್ನೋದೇ ಬೇಡ. ತಾತನ ಮೊದಲ ಸಾಲು ಒಂದನ್ನು ಅಣ್ಣನ ಮಕ್ಕಳಿಗೂ ಇವಳಿಗೂ ಕೊಟ್ಟು, ಮುಂದಿನ ಎರಡನ್ನು ನೀವೇ ಜೋಡಿಸಿ, ವಾಯ್ಸ್ ಮೆಸೇಜ್ ಆದರೂ ಸರಿ ಅನ್ನಿ. ಒಬ್ಬ ತಮಾಷೆಗೆ ಏನೋ ಬೆಸೆಯುತ್ತಾನೆ, ಇನ್ನೊಬ್ಬಳು ಸ್ಕೂಲ್ ವ್ಯಾನಿನ ಡ್ರೈವರ್ ಅಂಕಲ್‌ನ ತರುತ್ತಾಳೆ. ಬಂದದ್ದಕ್ಕೆ 'ಸೂಪರ್' ಅಂತ ಹೆಬ್ಬೆಟ್ಟು ಒತ್ತಿ ಕೈತೊಳೆದುಕೊಳ್ಳಬೇಡಿ. "ವ್ಯಾನಿನಲ್ಲಿ ಆ ವಾಸನೆ ಎಂಥದ್ದು?" ಅಂತ ಒಂದು ಪ್ರಶ್ನೆ ಕೇಳಿ ಸುಮ್ನಿರಿ. ನೀವೂ ಬರೆಯಿರಿ ಮತ್ತೆ, ಕೆಟ್ಟದಾಗಿದ್ದರೂ ಪರವಾಗಿಲ್ಲ. ನಿಮ್ಮದು ತಮ್ಮದಕ್ಕಿಂತ ಕಳಪೆ ಅಂತ ಗೊತ್ತಾದರೆ ಮಕ್ಕಳಿಗೆ ಎಲ್ಲಿಲ್ಲದ ಧೈರ್ಯ ಬರುತ್ತೆ.

ಅಣ್ಣನಿಗೆ ಈಗಲೇ ಫೋನ್ ಮಾಡಬೇಡಿ. ಡೈರಿಗಳಲ್ಲಿ ಅವನು ಹುಟ್ಟಿದ ವರ್ಷದ್ದು ಇದೆಯಾ ಹುಡುಕಿ. ಸಿಕ್ಕರೆ ಅದನ್ನು ಓದಿ ಹೇಳೋಕೆ ಹೋಗದೆ ಸುಮ್ನೆ ಅವನ ಮನೆಯಲ್ಲಿ ಬಿಟ್ಟು ಬನ್ನಿ.

ಆ ಚೊಂಬಿನವಳ ಬಗ್ಗೆ ಅಮ್ಮ ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ. ಕುತೂಹಲ ನನಗೂ ಇದೆ.